ಅಳಿಸಿಹೋದ ನನ್ನ ಮಚ್ಚೆಯ ಬಗ್ಗೆ, ಸ್ಟುಡಿಯೋ ಗುರುಸಿದ್ದಯ್ಯನವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಗುರುಸಿದ್ದಯ್ಯನವರೇ,

ಮಾಗಡಿ ರಸ್ತೆಯ ಈ ಭಾಗದಲ್ಲಿ ನಾಮಕರಣದ ಮಗುವಿನಿಂದ ಹಿಡಿದು ಗೋಡೆಗೆ ತೂಗುಹಾಕುವ ಹಿರಿಯರವರೆಗೆ ಎಲ್ಲರನ್ನೂ ಅವರು ಇದ್ದದ್ದಕ್ಕಿಂತ ಚೆನ್ನಾಗಿ ಕಾಣಿಸುತ್ತ ಬಂದಿರುವ ತಮಗೆ, ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುವ ವೆಂಕಟಲಕ್ಷ್ಮಮ್ಮ ಕೈ ಜೋಡಿಸಿ ಮಾಡುವ ನಮಸ್ಕಾರಗಳು. ತಾವೂ, ತಮ್ಮ ಕ್ಯಾಮರಾವೂ, ಆ ಚೂಪು ಪೆನ್ಸಿಲೂ ಕ್ಷೇಮವೆಂದು ನಂಬಿದ್ದೇನೆ. ನಾನು ಕ್ಷೇಮವಾಗಿಲ್ಲ, ಕಾರಣ ಆ ಪೆನ್ಸಿಲು.

ಎರಡನೆಯ ಹೆರಿಗೆಯಾದ ಮೇಲೆ ನನ್ನ ಕೆನ್ನೆಗಳಿಗೆ ಬಂಗು ಹತ್ತಿದ್ದು, ರಾಜಾಜಿನಗರದ ಚರ್ಮದ ಡಾಕ್ಟರು ಮುಲಾಮು ಕೊಟ್ಟದ್ದು ತಮಗೆ ಗೊತ್ತೇ ಇದೆ. ಹಚ್ಚುವ ಮುಂಚೆ ಒಂದು, ಆಮೇಲೆ ತಿಂಗಳಿಗೊಂದು ಫೋಟೋ ಬೇಕು, ಕೆನ್ನೆ ಹತ್ತಿರದಿಂದ ಬೀಳಬೇಕು, ಪೌಡರ್ ಬೇಡ, ನಗು ಬೇಡ, ಗುರುತಿಗೆ ಎಡಗೆನ್ನೆಯ ಮಚ್ಚೆ ಕಾಣಬೇಕು, ಅದನ್ನು ನೋಡಿಯೇ ಮುಂದಿನ ಟ್ಯೂಬು ಬರೆಯುವುದು ಎಂದು ಅವರು ಹೇಳಿದ್ದನ್ನೆಲ್ಲ ತಮಗೆ ಬಿಡಿಸಿ ಹೇಳಿದ್ದೆ. ಮುತ್ತೈದೆಯ ಅರ್ಧ ಮುಖ ತೆಗೆಯುವುದು ಶುಭವಲ್ಲವೆಂದು ತಾವು ಒಪ್ಪಲಿಲ್ಲ. ಪೂರ್ತಿ ಮುಖ ತೆಗೆದು ಆಮೇಲೆ ಕೆನ್ನೆಯಷ್ಟನ್ನು ದೊಡ್ಡದು ಮಾಡಿಕೊಡುವುದಾಗಿ ಹೇಳಿ, ಹಿಂದೆ ಉದ್ಯಾನವನದ ಪರದೆ ಇಳಿಬಿಟ್ಟು, ಪಕ್ಕದಲ್ಲಿ ಪ್ಲಾಸ್ಟಿಕ್ ಗುಲಾಬಿಯ ಹೂದಾನಿ ಇಟ್ಟು, ಗದ್ದ ಎತ್ತಿಸಿ, ಸೆರಗು ಸರಿಮಾಡಿಸಿದಿರಿ. ಅಷ್ಟು ಮರ್ಯಾದೆ ನನಗೆ ಮದುವೆಯ ದಿನವೂ ಸಿಕ್ಕಿರಲಿಲ್ಲ.

ತಾವು ಗೋಂದು ಹಚ್ಚಿ ಕೊಟ್ಟ ಕವರನ್ನು ನಾನು ಬಿಚ್ಚದೆ ಡಾಕ್ಟರಿಗೆ ಮುಟ್ಟಿಸಿದೆ. ಮುಖವನ್ನೇ ಎದುರಿಗೆ ನೋಡಿದ್ದ ಅವರೂ ಅದನ್ನು ಬಿಚ್ಚದೆ ಫೈಲಿಗೆ ಸೇರಿಸಿದರು. ಒಳಗೇನಿತ್ತೆಂದು ತಿಳಿದದ್ದು, ಅದೇ ಫೋಟೋದ ಪೂರ್ತಿ ಮುಖವನ್ನು ತಾವು ಹಿಗ್ಗಿಸಿ ಷೋಕೇಸಿನಲ್ಲಿ ಇಟ್ಟ ದಿನ. ಕಲೆಯಿರುವ ಮುಖವನ್ನು ಹಾಗೆಯೇ ಹೊರಗೆ ಕಳಿಸುವ ಪದ್ಧತಿ ತಮ್ಮಲ್ಲಿಲ್ಲವಾದ್ದರಿಂದ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಬಂಗನ್ನೆಲ್ಲ ತೆಗೆದಿದ್ದಿರಿ. ಕೈ ಹಾಕಿದ್ದಾಯಿತಲ್ಲ ಎಂದು ಮಚ್ಚೆಯನ್ನೂ ತೆಗೆದಿದ್ದಿರಿ. ಸುಳ್ಳೇಕೆ ಹೇಳಲಿ, ಬಸ್ಸಿಗೆ ಕಾಯುತ್ತ ಅದನ್ನು ನೋಡಿ ನನಗೆ ಕಣ್ಣು ತುಂಬಿ ಬಂತು. ಪಕ್ಕದಲ್ಲಿ ನಿಂತಿದ್ದ ನೀಲಮ್ಮ, ನನ್ನ ಜೊತೆ ಕೆಲಸ ಮಾಡುವವಳು, ಅದು ನಿನ್ನ ತಂಗಿಯಾ ಎಂದು ಕೇಳಿದಳು.

ನಾನು ಬಂದು ಜಗಳವಾಡಿದ್ದಕ್ಕೆ ತಾವು ಮುನಿಸಿಕೊಂಡು, ಮುಂದಿನ ತಿಂಗಳು ಪರದೆಯೂ ಇಲ್ಲದೆ ಹೂದಾನಿಯೂ ಇಲ್ಲದೆ, ಇದ್ದದ್ದನ್ನು ಇದ್ದ ಹಾಗೆ ತೆಗೆದುಕೊಟ್ಟಿರಿ. ಆ ಹೊತ್ತಿಗೆ ಮುಲಾಮು ನಿಜಕ್ಕೂ ಹಿಡಿದಿತ್ತು. ಯಾರನ್ನೂ ಹೊಗಳಿ ಅಭ್ಯಾಸವಿಲ್ಲದ ನಮ್ಮ ಅತ್ತೆ ಚಿಕ್ಕಗಂಗಮ್ಮನವರೇ, ಮುಖ ತಿಳಿಯಾಗಿದೆ ಎಂದಿದ್ದರು. ಆದರೆ ಮೊದಲ ದಿನ ನನ್ನನ್ನು ಕಣ್ಣಾರೆ ನೋಡಿದ್ದ ಹಿರಿಯ ಡಾಕ್ಟರು ಕಣ್ಣಿನ ಪೊರೆ ತೆಗೆಸಿಕೊಂಡು ಮನೆಯಲ್ಲಿದ್ದಾರೆ. ಕುರ್ಚಿಯಲ್ಲಿ ಕೂತಿರುವುದು ಅವರ ಮಗ. ಅವರು ಎರಡು ಫೋಟೋಗಳನ್ನೂ ಅಕ್ಕಪಕ್ಕ ಇಟ್ಟು ನೋಡಿ, ಮುಲಾಮಿನಿಂದ ನನಗೆ ಬಂಗು ಬಂದಿದೆ, ಸಾಲದ್ದಕ್ಕೆ ಮಚ್ಚೆಯೂ ಹುಟ್ಟಿದೆ ಎಂದು ತೀರ್ಮಾನಿಸಿ ಟ್ಯೂಬು ನಿಲ್ಲಿಸಿಬಿಟ್ಟರು. ನಾನು ಎಷ್ಟು ಹೇಳಿದರೂ, "ನೀವು ಏನ್ ಬೇಕಾದ್ರೂ ಹೇಳ್ಬೋದಮ್ಮ, ಫೋಟೋ ಸುಳ್ಳು ಹೇಳಲ್ಲ" ಎಂದರು.

ಡಾಕ್ಟರಿಗೆ ಒಂದು ಮಾತು ಹೇಳಿ ಬನ್ನಿ ಎಂದು ತಮ್ಮಲ್ಲಿಗೆ ಓಡಿ ಬಂದರೆ ತಾವು ಕೊಟ್ಟ ಉತ್ತರವನ್ನು ನಾನು ಮರೆತಿಲ್ಲ. "ಟಚಿಂಗ್ ಮಾಡಿದೀನಿ ಅಂತ ನಾನೇ ಬಾಯ್ಬಿಟ್ರೆ, ನಾಳೆ ಗಂಡಿನ ಕಡೆಯೋರು ಯಾವ್ ಫೋಟೋನ ನಂಬ್ತಾರಮ್ಮ?"

ನಿಜ, ತಮ್ಮ ವಿದ್ಯೆ ಅಂಥದ್ದು. ಆದ್ದರಿಂದ ಡಾಕ್ಟರ ಹಂಗೇ ಬೇಡವೆಂದುಕೊಂಡಿದ್ದೇನೆ. ತಾವು ದಿನಾ ಬೆಳಗ್ಗೆ ನಾನು ಶಿಫ್ಟಿಗೆ ಹೊರಡುವ ಮುಂಚೆ ಪೆನ್ಸಿಲ್ ಹಿಡಿದು ನಮ್ಮ ವಠಾರಕ್ಕೆ ದಯಮಾಡಿಸಿ, ನನ್ನ ಕೆನ್ನೆಯನ್ನು ನೇರವಾಗಿಯೇ ತಿದ್ದಿ ಕಳಿಸಬೇಕು. ಮಳೆ ಬಂದರೆ ಮಧ್ಯಾಹ್ನ ಊಟದ ಬೆಲ್ಲಿಗೆ ಇನ್ನೊಮ್ಮೆ ಬರಬೇಕಾದೀತು. ಹಾಗೆಯೇ ಹಿಂತಿರುಗುವಾಗ ಮಾಗಡಿ ರಸ್ತೆಯ ಹಳ್ಳಗಳನ್ನೂ, ನಮ್ಮ ಬಚ್ಚಲ ಗೋಡೆಯ ಬಿರುಕನ್ನೂ, ಸಾಧ್ಯವಾದರೆ ನಮ್ಮ ಸೂಪರ್‌ವೈಸರ್ ದೊಡ್ಡಹನುಮಯ್ಯನವರ ಸಿಡುಕು ಮೋರೆಯನ್ನೂ ಸ್ವಲ್ಪ ಟಚ್ ಮಾಡಿದರೆ ಇಡೀ ಬಡಾವಣೆ ತಮಗೆ ಋಣಿಯಾಗಿರುತ್ತದೆ.

ಇದು ಆಗದ ಮಾತೆಂದು ತಮಗೆ ಅನ್ನಿಸಿದರೆ, ಆಗುವ ಮಾತೊಂದಿದೆ. ಸೆರಗನ್ನು ಕೆನ್ನೆಗೆ ಹಿಡಿದುಕೊಂಡೇ ಮಾತಾಡುತ್ತಿದ್ದವಳು ನಾನು. ಮುಲಾಮು ಹಚ್ಚಿದ ಮೇಲೆ ಕೈ ತಾನಾಗಿ ಕೆಳಗಿಳಿದಿತ್ತು. ಈಗ ಖಾಲಿ ಟ್ಯೂಬನ್ನು ಕತ್ತರಿಯಲ್ಲಿ ಸೀಳಿ ಒಳಗಿನದನ್ನು ಬೆರಳಿನಿಂದ ಬಳಿದು ಹಚ್ಚುತ್ತಿದ್ದೇನೆ, ಅದೂ ಮುಗಿಯುತ್ತ ಬಂತು. ಗುರುವಾರ ಸಂಜೆ ತಾವು ಆ ನೆಗೆಟಿವ್ ತೆಗೆದುಕೊಂಡು ನನ್ನ ಜೊತೆ ಡಾಕ್ಟರ ಹತ್ತಿರ ಬಂದು, ಅದರ ಮೇಲಿನ ಪೆನ್ಸಿಲ್ ಗೀಟುಗಳನ್ನು ದೀಪಕ್ಕೆ ಹಿಡಿದು ತೋರಿಸಬೇಕು. ಡಾಕ್ಟರೊಬ್ಬರಿಗೆ ತಿಳಿದರೆ ಸಾಕು, ಗಂಡಿನ ಕಡೆಯವರಿಗೆ ನಾನು ಹೇಳುವುದಿಲ್ಲ. ಇದು ಬಹಿರಂಗ ಪತ್ರವೇ ಆದರೂ ಗುರುವಾರದವರೆಗೆ ತಾವೊಬ್ಬರೇ ಓದಿಕೊಳ್ಳಬಹುದು.

ಮಚ್ಚೆಯ ಸಮೇತ,
ತಮ್ಮ ವಿಶ್ವಾಸಿ,
ವೆಂಕಟಲಕ್ಷ್ಮಮ್ಮ

ತಾ.ಕ.: ಷೋಕೇಸಿನಲ್ಲಿರುವ ನನ್ನ ಫೋಟೋವನ್ನು ದಯವಿಟ್ಟು ತೆಗೆಯಬೇಡಿ. ಗುರುವಾರ ತಾವು ಬಂದರೆ, ಮುಲಾಮು ಮುಗಿಯುವ ಹೊತ್ತಿಗೆ, ಮಚ್ಚೆಯೊಂದು ಬಿಟ್ಟು, ನಾನು ಅದರ ಹಾಗೆ ಆಗುವವಳಿದ್ದೇನೆ. ಬರದಿದ್ದರೆ, ಹೆಣ್ಣು ಹೆತ್ತವರೆಲ್ಲ ಮಕ್ಕಳನ್ನು ಕರೆದುಕೊಂಡು ತಮ್ಮಲ್ಲಿಗೆ ಬರುವ ಭಾನುವಾರ, ಪೌಡರ್ ಹಚ್ಚದೆ, ನಗದೆ, ಬಿಸಿಲಿನಲ್ಲಿ ಅದರ ಪಕ್ಕದಲ್ಲೇ ಬಂದು ನಿಲ್ಲುತ್ತೇನೆ.