ಹಳೆ ಕಾರಿಗೊಂದು ಗಟ್ಟಿ ಆಕ್ಸಲ್

೨೦೧೪ರ ಮಾರ್ಚ್ ೮, ಶನಿವಾರ. ಫ್ರಿಸ್ಕೋದಲ್ಲಿ ತೆಳು ಮೋಡ, ತಣ್ಣನೆ ಗಾಳಿ. ಹಳೆ ಕಾರು ಇಟ್ಟುಕೊಂಡವನಿಗೆ ಒಂದಲ್ಲ ಒಂದು ಆಗುತ್ತಲೇ ಇರುತ್ತದೆ. ಅವತ್ತು ಶುರುವಾದದ್ದು ಮಾತ್ರ ಮೂರು ವಾರ ಎಳೆಯಿತು.

೧. ನಾಲ್ಕು ನಿಂಬೆಹಣ್ಣು

ನನ್ನದು ೧೯೬೯ರ ಎರಡು ಬಾಗಿಲಿನ, ಜೋರು ಓಟಕ್ಕೆಂದೇ ಮಾಡಿದ ಮಸಲ್ ಕಾರು. ಅದಕ್ಕೆ ಈಚಿನ ಟ್ರಕ್ಕೊಂದರ ಎಂಜಿನ್ ಕೂರಿಸಿದ್ದೆ. ಶಕ್ತಿ ಮೊದಲಿನದರ ಎರಡರಷ್ಟು. ಆಸ್ಟಿನ್‌ನಲ್ಲಿರುವ ಧಾರವಾಡದ ಗೆಳೆಯನಿಗೂ ನನ್ನಂತೆಯೇ ಹಳೆ ಕಾರಿನ ಹುಚ್ಚು. ಅವನು ಮೊದಲೇ ಎಚ್ಚರಿಸಿದ್ದ: "ಹಿಂದಿನ ಗಾಲಿ ಆಕ್ಸಲ್ ಗಟ್ಟೀದು ಹಾಕ್ರಿ. ಇಷ್ಟು ಜೋರು ಅದು ತಡಿಯಂಗಿಲ್ಲ." ನಾನು ಮೊದಲು ಪೂಜೆ ಆಗಲಿ ಎಂದೆ.

ಭಟ್ಟರು ಕುಂಕುಮ ಹಚ್ಚಿ, ನಾಲ್ಕು ಚಕ್ರದಡಿ ನಾಲ್ಕು ನಿಂಬೆಹಣ್ಣು ಇಟ್ಟು, ಮುಂದೆ ತೆಗೆದುಕೊಳ್ಳಿ ಎಂದರು. ಆಕ್ಸಿಲರೇಟರ್ ಒಂದಿಷ್ಟು ಜೋರಾಗಿಯೇ ಒತ್ತಿದೆ. ಹಿಂದೆ ಲಟಕ್ ಎಂದಿತು. ಎಂಜಿನ್ ಗರ್ಜಿಸುತ್ತಿತ್ತು, ಕಾರು ನಿಂತೇ ಇತ್ತು. ಆಕ್ಸಲ್ಲಿನೊಳಗಿನ ಗೇರಿನ ಹಲ್ಲುಗಳು ಉದುರಿದ್ದವು.

ಭಟ್ಟರು ಬಗ್ಗಿ ನಿಂಬೆಹಣ್ಣು ಒಂದೊಂದಾಗಿ ಎತ್ತಿಕೊಂಡು ಒರೆಸಿದರು. "ಇವಕ್ಕೇನೂ ಆಗಿಲ್ಲ. ಮಧ್ಯಾಹ್ನ ಕ್ಯಾರಲ್ಟನ್‌ನಲ್ಲಿ ಒಂದು ಮಿನಿವ್ಯಾನ್ ಪೂಜೆ ಇದೆ."

೨. ಅಳತೆ

ಹೆಂಡತಿ ಅವತ್ತೇ ತೀರ್ಪು ಕೊಟ್ಟಳು. ಆಕ್ಸಲ್ಲಿಗೆ ಐನೂರು ಡಾಲರ್, ಅದರ ಮೇಲೆ ಒಂದು ಸೆಂಟೂ ಇಲ್ಲ. ಆಗದಿದ್ದರೆ ಕಾರು ಮಾರಾಟ.

ಗೆಳೆಯ ಫೋನಿನಲ್ಲಿ, ಗಟ್ಟಿ ಇದ್ದರೆ ಸಾಲದು, ಅಗಲವೂ ಕೂಡಿಬರಬೇಕು, ಇಲ್ಲದಿದ್ದರೆ ಟೈರು ಮಡ್‌ಗಾರ್ಡಿಗೆ ಉಜ್ಜುತ್ತದೆ ಎಂದ. ಟೇಪು ಹಿಡಿದು ಕಾರಿನಡಿ ಮಲಗಿದೆ. ಅಲ್ಲಿ ತಂಪು, ಹಳೆ ಎಣ್ಣೆಯ ವಾಸನೆ, ದೂರದಲ್ಲಿ ಯಾರದೋ ಹುಲ್ಲು ಕತ್ತರಿಸುವ ಯಂತ್ರದ ಜೋಗುಳ. ನೇರ ರಸ್ತೆ, ಎರಡೂ ಬದಿ ನೀಲಿ ಹೂವು, ನಾನು ಓಡಿಸುತ್ತಲೇ ಇದ್ದೇನೆ. ಯಾರೋ ಕಾಲು ಎಳೆದರು.

ಅಲುಗದ ಎರಡು ಕಾಲು ಕಂಡು ಎದುರು ಮನೆಯಾಕೆ ಫೋನ್ ಮಾಡಿದ್ದಳು. ಅಂಗಳದಲ್ಲಿ ಅಗ್ನಿಶಾಮಕ ಗಾಡಿ, ಆಂಬುಲೆನ್ಸ್. ಅಳತೆ ತೆಗೆಯುತ್ತಿದ್ದೆ ಎಂದೆ. ಎಷ್ಟು ಬಂತೆಂದು ಅಧಿಕಾರಿ ಕೇಳಿದ. ಇನ್ನೂ ನೋಡಿಲ್ಲ ಎಂದೆ. ಅವನು ಟೋಪಿ ತೆಗೆದಿಟ್ಟು, ತಾನೂ ಕಾರಿನಡಿ ನುಸುಳಿ ಟೇಪಿನ ಇನ್ನೊಂದು ತುದಿ ಹಿಡಿದ. ಆಮೇಲೆ ಇಬ್ಬರೂ ಒಂದಷ್ಟು ಹೊತ್ತು ಹೊರಗೆ ಬರಲಿಲ್ಲ.

೩. ಚೌಕಾಸಿ

ಆ ಅಳತೆಯ ಆಕ್ಸಲ್ ಸಿಕ್ಕಿದ್ದು ಹ್ಯೂಸ್ಟನ್ ಹತ್ತಿರ, ಸ್ಟಾಫರ್ಡ್ ಆಚೆಯ ಒಬ್ಬ ಮುದುಕನ ಹಳೆ ಸಾಮಾನಿನ ಅಂಗಳದಲ್ಲಿ. ಹಳೆ ಪಿಕಪ್ ಟ್ರಕ್ಕಿನದು, ಆನೆ ಭಾರ ತಡೆಯುವಂಥದ್ದು. ಫೋನಿನಲ್ಲಿ ಅವನೊಂದಿಗೆ ಎಲ್ಲ ಮಾತಾಡಿಕೊಂಡಿದ್ದೆ. ಶನಿವಾರ ನಾನೂ ಹೆಂಡತಿಯೂ ಹೊರಟೆವು. ವ್ಯಾಪಾರ ತನಗೆ ಬಿಡಿ, ನೀವು ಮುಖ ಸಪ್ಪೆ ಮಾಡಿಕೊಂಡು ನಿಂತರೆ ಸಾಕು ಎಂದಳು. ಅದು ನನಗೆ ಕಷ್ಟವಲ್ಲ.

ಗಾಂಧಿ ಬಜಾರಿನಲ್ಲಿ ಅವರೆಕಾಯಿ ಆರಿಸುವವಳಂತೆ ಅವಳು ಆಕ್ಸಲ್ಲಿನ ಸುತ್ತ ಎರಡು ಸುತ್ತು ಬಂದಳು. ತುಕ್ಕು ತೋರಿಸಿದಳು. ನಾನೂರು ಎಂದಳು. ಮುದುಕ ಆಕಾಶ ನೋಡಿದ. ನಾನೂರೈವತ್ತು ಎಂದಳು. ಅವನು ಬೂಟು ನೋಡಿಕೊಂಡ. ಐನೂರು ಎಂದಾಗ ನಿಟ್ಟುಸಿರು ಬಿಟ್ಟು ಕೈ ಚಾಚಿದ.

ಕಾರು ಉಳಿಯಿತು. ಆಕ್ಸಲ್ ಬಾಡಿಗೆ ಟ್ರಕ್ಕಿಗೆ ಏರಿತು. ಹೊರಡುವಾಗ ಅವಳಿಗೆ ಕನಿಕರ. "ಏನ್ರೀ, ಪಾಪ, ವಯಸ್ಸಾದವರು. ತೀರಾ ಹಿಂಡಿಬಿಟ್ಟೆ ಅನ್ಸುತ್ತೆ." ದಾರಿಗೆಂದು ತಂದಿದ್ದ ಚಕ್ಕುಲಿ ಡಬ್ಬಿಯನ್ನೂ ಐವತ್ತರ ನೋಟನ್ನೂ ಅವನ ಕೈಗಿಡಲು ಹೋದಳು. ನಾನು ಬೇಡವೆಂದು ತಡೆದೆ. ಅವಳು ನನ್ನನ್ನು ಕಟುಕನನ್ನು ನೋಡಿದಂತೆ ನೋಡಿದಳು.

ಮುದುಕ ಚಕ್ಕುಲಿ ಇಟ್ಟುಕೊಂಡು ನೋಟು ಹಿಂದಿರುಗಿಸಿದ.

"ಇದು ಬೇಡಮ್ಮ, ನ್ಯಾಯವಲ್ಲ. ನಿಮ್ಮ ಯಜಮಾನರು ಮಂಗಳವಾರವೇ ಒಂಬೈನೂರು ಕಳಿಸಿದ್ದಾರೆ."