ಜೀಪೂ ನಿಂಬೆಹಣ್ಣೂ

ಈ ಆಯುಧಪೂಜೆಯ ದಿನ ನನ್ನ ಮಿಲಿಟರಿ ಜೀಪನ್ನು ಗುಜರಿ ಎಂದವರ ಬಾಯಿ ಮುಚ್ಚಿಸಿಯೇ ತೀರುತ್ತೇನೆಂದು ಶಪಥ ಮಾಡಿದ್ದೆ! ಸೈನ್ಯದವರ ಹರಾಜಿನಲ್ಲಿ ತಂದ ಜೀಪು. ಬೆಟ್ಟಗುಡ್ಡ ಹತ್ತಿದ ಗಂಡುಗಲಿ. ಮಲ್ಲೇಶ್ವರಕ್ಕೆ ಬಂದಮೇಲೆ ನಮ್ಮ ಗೇಟು ದಾಟಿಲ್ಲ, ಅಷ್ಟೇ. ಏನೀಗ?

ನನ್ನ ಹೆಂಡತಿ ಚೂಡಾಮಣಿ ಹಬ್ಬದ ಬೆಳಿಗ್ಗೆಯೇ ಶುರು ಮಾಡಿದಳು.

"ರೀ, ಇದು ಅಡ್ಡ ನಿಂತು ನನ್ನ ಸ್ಕೂಟರ್ ಈಚೆ ತೆಗಿಯಕ್ಕೇ ಆಗ್ತಿಲ್ಲ. ರೆಸಾರ್ಟ್‌ನೋರಿಗೆ ಹೇಳಿದೀನಿ, ನಾಳೆ ಬಂದು ಎತ್ಕೊಂಡು ಹೋಗ್ತಾರೆ."

"ಅವರಿಗ್ಯಾಕೆ ಜೀಪು?"

"ಬಾನೆಟ್ ಮೇಲೆ ಹೂಕುಂಡ ಇಡ್ತಾರಂತೆ."

ಹೂಕುಂಡ! ನನ್ನ ಮೈಯೆಲ್ಲ ಉರಿದುಹೋಯಿತು. "ಅವರ ತಲೆ ಮೇಲೆ ಇಟ್ಕೊಳ್ಳಕ್ಕೆ ಹೇಳು!"

"ಕೂಗಾಡ್ಬೇಡಿ. ಇವತ್ತು ಅದು ತಾನಾಗೇ ಹೋಗಿ ನಿಂಬೆಹಣ್ಣು ತುಳಿದ್ರೆ ಇರ್ಲಿ. ಇಲ್ದಿದ್ರೆ ನಾಳೆ ಹೊರಡ್ಲಿ. ಒಪ್ತೀರಾ?"

"ಒಪ್ದೆ!"

ಒಪ್ಪದೆ ಏನು? ಯಾವ ಮೆಕ್ಯಾನಿಕ್ಕನ್ನೂ ಹತ್ತಿರ ಸೇರಿಸದೆ ಕಾರ್ಬುರೇಟರ್ ನಾನೇ ತೊಳೆದಿದ್ದೆ, ಪ್ಲಗ್ ನಾನೇ ಉಜ್ಜಿದ್ದೆ. ಬ್ರೇಕು ಮಾತ್ರ ಬಾಕಿ. ಮೊದಲು ಹೊರಡಲಿ, ನಿಲ್ಲಿಸುವುದು ಆಮೇಲೆ!

ಪುರೋಹಿತರು ಆರತಿ ಎತ್ತಿ, ಚಕ್ರಗಳಿಗೆ ನಿಂಬೆಹಣ್ಣಿಟ್ಟರು. ನಾನು ಸೇನಾಪತಿಯ ಗತ್ತಿನಲ್ಲಿ ಹತ್ತಿ ಕೂತು ಸ್ವಿಚ್ ಒತ್ತಿದೆ. ಕ್ರರ್ರ್! ಮತ್ತೆ ಒತ್ತಿದೆ. ಕೆಮ್ಮಿತು. ಇನ್ನೊಮ್ಮೆ ಒತ್ತಿದರೆ ಕೆಮ್ಮೂ ಇಲ್ಲ. ದರಿದ್ರದ್ದು!

"ಬೇರೆ ಮನೆಗಳೂ ಕಾಯ್ತಾ ಇದಾವೆ, ಸ್ವಾಮಿ" ಎಂದರು ಪುರೋಹಿತರು.

"ಹೂಕುಂಡಕ್ಕೆ ಒಳ್ಳೆ ಜಾಗ ಸಾರ್" ಎಂದು, ಬೆಳಿಗ್ಗೆ ನಮ್ಮ ಜಗಳವೆಲ್ಲ ಕೇಳಿಸಿಕೊಂಡಿದ್ದ ಪಕ್ಕದ ಮನೆಯ ಲಕ್ಷ್ಮೀಶ ಹಲ್ಲು ಕಿರಿದ. ಹೊಸ ಕಾರು ಕೊಂಡವನ ಕೊಬ್ಬು!

"ಹಲ್ಲು ಕಿರಿಯೋದು ಬಿಟ್ಟು ತಳ್ರೀ!" ಎಂದು ಗುಡುಗಿದೆ.

ತಳ್ಳಿದರು. ಪಚಕ್ ಎಂದು ನಮ್ಮ ನಿಂಬೆಹಣ್ಣು ಅಪ್ಪಚ್ಚಿಯಾಯಿತು. ಜೀಪು ಗೇಟು ದಾಟಿ ಇಳಿಜಾರು ಹಿಡಿಯಿತು. ಗೇರ್ ಹಾಕಹೋದೆ, ಗೇರ್ ಕಡ್ಡಿ ಕೈಗೇ ಬಂತು! ಬ್ರೇಕು ತುಳಿದೆ, ಪೆಡಲು ತಳ ಮುಟ್ಟಿತೇ ಹೊರತು ಜೀಪು ನಿಲ್ಲಲಿಲ್ಲ. ಬೀದಿಯುದ್ದಕ್ಕೂ ಗೇಟುಗಳಲ್ಲಿ ಪೂಜೆಗೆ ಸಿಂಗರಿಸಿಕೊಂಡ ಕಾರುಗಳು, ಅವುಗಳ ಚಕ್ರದ ಮುಂದೆ ರಸ್ತೆಯಂಚಿಗೆ ಇಟ್ಟ ನಿಂಬೆಹಣ್ಣುಗಳು. ಪಚಕ್! ಲಕ್ಷ್ಮೀಶನವು ಹೋದವು. ಪಚಕ್! ಪಾರ್ವತಮ್ಮನವರವು ಹೋದವು.

"ನಮ್ಮ ಕಾರಿಗಿನ್ನೂ ಆರತಿನೇ ಆಗಿಲ್ಲ, ನಿನ್ನ ಜೀಪಿಗೆ ಬೆಂಕಿ ಬೀಳ!" ಎಂದು ಹಿರಿಯರಾದ ಪಾರ್ವತಮ್ಮ ಕೈಯಲ್ಲಿನ ಹೂವನ್ನೇ ನನ್ನ ಮೇಲೆ ಎಸೆದರು.

ಕೊನೆಗೆ ಯಾರೋ ಮನೆ ಕಟ್ಟಲು ಸುರಿಸಿದ್ದ ಮರಳುಗುಡ್ಡೆಗೆ ಮೂತಿ ಹುದುಗಿಸಿ ಜೀಪು ನಿಂತಿತು. ಬೀದಿಗೆ ಬೀದಿಯೇ ಬೈಯುತ್ತ ಓಡಿಬಂತು. ನಾನೂ ಬಿಡಲಿಲ್ಲ, ಗೇರ್ ಕಡ್ಡಿ ಎತ್ತಿ ಹಿಡಿದೇ ಅವರಿಗಿಂತ ಜೋರಾಗಿ ಕೂಗಾಡಿದೆ. ಚೂಡಾಮಣಿ ಮಾತ್ರ ನಿಧಾನವಾಗಿ ನಡೆದುಬಂದಳು.

"ನೋಡಿದ್ಯಾ?" ಎಂದು ಅಬ್ಬರಿಸಿದೆ. "ನಮ್ದೊಂದೇ ಅಲ್ಲ, ಬೀದಿ ನಿಂಬೆಹಣ್ಣೆಲ್ಲಾ ತುಳೀತು! ಜೀಪು ಮನೇಲೇ ಇರತ್ತೆ!"

"ತುಳಿದಿದ್ದು ಜೀಪಲ್ಲ ಕಣ್ರೀ, ಇಳಿಜಾರು" ಎಂದಳು. "ಬೇಕಾದ್ರೆ ಇಳಿಜಾರನ್ನ ಇಟ್ಕೊಳ್ಳಿ. ಜೀಪು ನಾಳೆ ಹೋಗತ್ತೆ."