ನಮ್ಮ ಕಾಲೇಜಿಂದ ಬ್ರಿಟಿಷರನ್ನ ಓಡಿಸಿದ ದಿನ

ನಂಗೇ ಯಾಕೆ ಇಂಥವು ಹುಡುಕ್ಕೊಂಡು ಬಂದು ಗಂಟು ಬೀಳ್ತವೋ ಗೊತ್ತಿಲ್ಲ ರೀ. ಬೇರೆಯವ್ರು ಕೆಲ್ಸಕ್ಕೆ ಹೋಗ್ತಾರೆ, ಬರ್ತಾರೆ, ಉಂಡು ಮಲಗ್ತಾರೆ. ನಾನು ಬಸ್ಸಿಳಿದು ಕಾಲೇಜ್ ಗೇಟ್ ದಾಟಿದ್ರೆ ಸಾಕು, ಏನೋ ಒಂದು ಕಾದು ಕೂತಿರುತ್ತೆ. ಅದ್ರಲ್ಲೂ ಆ ಸೆಮಿನಾರ್ ಇದೆಯಲ್ಲ, ಅಯ್ಯಪ್ಪಾ, ಈಗ್ಲೂ ನೆನೆಸ್ಕೊಂಡ್ರೆ ಕನಸೋ ನಿಜವೋ ಅನ್ಸುತ್ತೆ.

ಚಿಕ್ಕಬಳ್ಳಾಪುರ ಆಗಷ್ಟೇ ಹೊಸ ಜಿಲ್ಲೆ ಆಗಿತ್ತು. ನಾನೂ ಆಗಷ್ಟೇ ಎಂ.ಎ. ಮುಗಿಸಿ ಶಿಡ್ಲಘಟ್ಟದ ಕಡೆ ಒಂದು ಕಾಲೇಜಲ್ಲಿ ಕನ್ನಡದ ಅತಿಥಿ ಉಪನ್ಯಾಸಕಿ ಆಗಿದ್ದೆ. ಹೆಸರಿಗೆ ಅತಿಥಿ, ಸ್ಟಾಫ್ ರೂಮಲ್ಲಿ ಕೂರಕ್ಕೆ ಕುರ್ಚಿ ಇರ್ಲಿಲ್ಲ. ಬ್ರಿಟಿಷರು ಹೋದ್ಮೇಲೆ ನಮ್ಮ ರಾಜಕೀಯ, ಸಮಾಜ, ಸಾಹಿತ್ಯ ಏನಾಯ್ತು ಅಂತ ಒಂದು ಸೆಮಿನಾರ್ ಮಾಡಣ ಅಂದ್ರು ನಮ್ಮ ಪ್ರಿನ್ಸಿಪಾಲ್ರು. ಅದ್ರಲ್ಲಿ ನಂಗೆ ಕಾಲು ಗಂಟೆ! ಜೀವನದಲ್ಲೇ ಮೊದಲ್ನೇ ಸಲ ಮೈಕ್ ಮುಂದೆ! ಪ್ರಬಂಧಕ್ಕೆ ‘ನಮ್ಮೊಳಗೆ ಕೂತಿರೋ ದೊರೆ’ ಅಂತ ಹೆಸ್ರಿಟ್ಟೆ. ದೊರೆ ಹಡಗು ಹತ್ತಿ ಹೋದ, ಅವನ ಮುಂದೆ ಬಗ್ಗಿದ್ದ ನಮ್ಮ ಬೆನ್ನು ಮಾತ್ರ ಇನ್ನೂ ನೆಟ್ಟಗಾಗಿಲ್ಲ ಅನ್ನೋದು ನನ್ನ ವಾದ. ಅದೊಂದನ್ನ ಪೂರ್ತಿ ಓದಿಬಿಟ್ರೆ ಸಾಕು ಅಂತ ಹಗಲೂ ಕನಸು ಕಾಣ್ತಿದ್ದೆ.

ಯಾರ್ಯಾರನ್ನ ಓಡ್ಸೋದು

ಮೀಟಿಂಗಲ್ಲಿ ಪ್ರಿನ್ಸಿಪಾಲ್ರು ಮೇಜು ಕುಟ್ಟಿದ್ರು. “ನೋಡ್ರಪ್ಪಾ, ಅವತ್ತೊಂದಿನ ನಮ್ಮ ಕಾಲೇಜಲ್ಲಿ ಬ್ರಿಟಿಷರದ್ದು ಅನ್ನೋದು ಏನೂ ಕಣ್ಣಿಗೆ ಬೀಳಬಾರ್ದು.”

ಎಲ್ಲಾರ್ಗೂ ಹುರುಪು ಬಂದ್ಬಿಡ್ತು. ಟೈ ಬೇಡ, ಕೋಟು ಬೇಡ. ಕುರ್ಚಿ ಬೇಡ, ಜಮಖಾನ ಹಾಸಣ. ಟೀ ಬೇಡ, ರಾಗಿ ಅಂಬಲಿ ಕೊಡಣ. ಆಟದ ಮೇಷ್ಟ್ರು ಮಾತ್ರ “ಕ್ರಿಕೆಟ್ ಒಂದನ್ನ ಮುಟ್ಬೇಡಿ ಸಾರ್” ಅಂತ ಕೈ ಮುಗಿದ್ರು.

“ಭಾನುವಾರ ಇಟ್ಕೊಳ್ಳಣ, ಪಾಠ ಹಾಳಾಗಲ್ಲ” ಅಂದ್ರು ಪ್ರಿನ್ಸಿಪಾಲ್ರು.

“ಭಾನುವಾರ ರಜಾ ಸಾರ್!” ಅಂತ ಇಡೀ ಸ್ಟಾಫು.

ಹಿಸ್ಟರಿ ಮೇಷ್ಟ್ರು ಕನ್ನಡಕ ಸರಿ ಮಾಡ್ಕೊಂಡು, “ಭಾನುವಾರದ ರಜಾನೂ ಅವ್ರು ತಂದಿದ್ದೇ ಸಾರ್. ಅದನ್ನೂ ಓಡ್ಸಿಬಿಡಣ” ಅಂದ್ರು.

ಎಲ್ರೂ ಆ ಮೇಷ್ಟ್ರನ್ನ ನೋಡ್ತಿದ್ದ ರೀತಿ ನೋಡಿ ನಂಗೇ ಭಯ ಆಯ್ತು.

ಪ್ರಿನ್ಸಿಪಾಲ್ರು ನಿಧಾನಕ್ಕೆ, “ಎಲ್ಲಾನೂ ಒಂದೇ ಸಲ ಓಡ್ಸಕ್ಕಾಗುತ್ತೇನ್ರೀ? ಹಂತ ಹಂತವಾಗಿ ಓಡ್ಸಣ. ಶನಿವಾರ ಇಟ್ಕೊಳ್ರಿ.”

ನನ್ನ ಮೊದಲ ಸಭಿಕರು

ನಮ್ಮೂರು ಸಾದಲಿ ಹತ್ರ. ಮನೆ ಹಿಂದೆ ರೇಷ್ಮೆ ಹುಳು ಸಾಕೋ ಕೋಣೆ. ಹುಳು ಹಿಪ್ಪುನೇರಳೆ ಸೊಪ್ಪು ತಿನ್ನೋ ಸದ್ದು ಕೇಳಿದ್ದೀರಾ? ದೂರದಲ್ಲೆಲ್ಲೋ ಸಣ್ಣಗೆ ಜಡಿಮಳೆ ಹಿಡಿದಂಗೆ ಇರುತ್ತೆ ರೀ. ಕಣ್ಮುಚ್ಚಿ ಕೂತ್ರೆ ತೇಲ್ಕೊಂಡು ಹೋದಂಗೆ. ಆ ಸದ್ದಲ್ಲೇ ನಿಂತ್ಕೊಂಡು ದಿನಾ ಪ್ರಬಂಧ ಓದಿ ಓದಿ ಪ್ರಾಕ್ಟೀಸ್ ಮಾಡ್ತಿದ್ದೆ. ತಟ್ಟೆ ತಟ್ಟೆಗಳ ತುಂಬ ಸಾವಿರಾರು ಸಭಿಕರು!

ಒಂದಿನ ಜೋರಾಗಿ ಓದ್ತಾ ಇದ್ದೀನಿ, ತಿನ್ನೋ ಸದ್ದೇ ನಿಂತೋಯ್ತು. ನೋಡಿದ್ರೆ ಅಷ್ಟೂ ಹುಳು ಸೊಪ್ಪು ಬಿಟ್ಟು, ತಲೆ ಮೇಲಕ್ಕೆತ್ತಿ, ಅಲ್ಲಾಡ್ದೆ ಕೂತವೆ! ಮೈಯೆಲ್ಲಾ ಜುಮ್ ಅಂತು. ಅಜ್ಜಿಯನ್ನ ಕೂಗಿದೆ, “ಅಜ್ಜೀ, ಬಾ ಬೇಗ! ಹೆಂಗೆ ಕೇಳ್ತಾ ಅವೆ ನೋಡು!”

ಅಜ್ಜಿ ಬಂದು ಬಗ್ಗಿ ನೋಡಿದ್ಳು. “ಕೇಳ್ತಾ ಇಲ್ಲ ಕಣಮ್ಮಣ್ಣಿ, ಜ್ವರಕ್ಕೆ ಕೂತವೆ. ಪೊರೆ ಬಿಡೋಕೆ ಮುಂಚೆ ಹಿಂಗೇ ತಲೆ ಎತ್ಕೊಂಡು ನಿದ್ದೆ ಮಾಡ್ತವೆ.”

ನನ್ನ ಮುಖ ನೋಡಿ ಪಾಪ ಅನ್ನಿಸ್ತೇನೋ. “ಹೋಗ್ಲಿ ಬಿಡು, ನಾನು ಬಂದು ಕೇಳ್ತೀನಿ. ನಂಗೆ ಹಗಲು ಹೊತ್ತು ನಿದ್ದೆ ಬರಾಕಿಲ್ಲ” ಅಂದ್ಳು.

ಲ್ಯಾಬಿನ ಹಿಂದುಗಡೆ

ಸೆಮಿನಾರ್ ದಿನ ಬೆಳಗ್ಗೆ ಮಂಜೋ ಮಂಜು. ಬಸ್ ಕಿಟಕಿಯಲ್ಲಿ ದ್ರಾಕ್ಷಿ ಚಪ್ಪರಗಳು ನೀರಲ್ಲಿ ತೇಲಿದಂಗೆ ಹಿಂದಕ್ಕೆ ಹೋಗ್ತಿವೆ, ನಾನು ಮನಸ್ಸಲ್ಲೇ ಮೈಕ್ ಹಿಡ್ಕೊಂಡಿದೀನಿ, ಪಕ್ಕದಲ್ಲಿ ಅಜ್ಜಿ ಎಲೆಅಡಿಕೆ ಚೀಲ ಹಿಡ್ಕೊಂಡವ್ಳೆ.

ಉದ್ಘಾಟನೆಗೆ ಜಿಲ್ಲೆಯ ದೊಡ್ಡ ಸಾಹೇಬ್ರು ಬರ್ಬೇಕಿತ್ತು, ಬರ್ಲಿಲ್ಲ. ದೀಪ ಹಚ್ಚಿದ್ದಾಯ್ತು, ಅಂಬಲಿ ಕುಡಿದಿದ್ದಾಯ್ತು. ನನ್ನ ಸರದಿ ಯಾವಾಗ ಅಂತ ಕೇಳಕ್ಕೆ ಹೋದ್ರೆ ಪ್ರಿನ್ಸಿಪಾಲ್ರೇ ಇಲ್ಲ. ಹುಡುಕಿ ಹುಡುಕಿ ಕೆಮಿಸ್ಟ್ರಿ ಲ್ಯಾಬ್ ಹಿಂದುಗಡೆ ಹೋದೆ. ಅಲ್ಲಿ ಅರ್ಧ ಸ್ಟಾಫು ಸಾಲಾಗಿ ನಿಂತಿದೆ, ಮಧ್ಯ ಪ್ರಿನ್ಸಿಪಾಲ್ರು, ಕೈಯಲ್ಲಿ ಲೋಟ, ಲೋಟದಲ್ಲಿ ಹೊಗೆ.

“ಇದು ಕಷಾಯ ಕಣಮ್ಮಾ” ಅಂದ್ರು.

“ಟೀ ಪುಡಿ ವಾಸ್ನೆ ಬರ್ತಿದೆ ಸಾರ್.”

ಅವ್ರು ಲೋಟನ ಬೆಳಕಿಗೆ ಹಿಡಿದು, ಧ್ಯಾನ ಮಾಡೋರ ಥರ ನೋಡಿದ್ರು. “ಹಾಲು ನಮ್ದು, ನೀರು ನಮ್ದು, ಶುಂಠಿ ನಮ್ದು, ಬೆಲ್ಲ ನಮ್ದು. ಅವರದ್ದು ಅಂತ ಇರೋದು ಬರೀ ಬಣ್ಣ ಕಣಮ್ಮಾ.”

ನೆಂಟರ ಪಟ್ಟಿ

ನನ್ನ ಸರದಿ ಊಟಕ್ಕೆ ಮುಂಚೆ ಅಂತಾಯ್ತು. ಅಷ್ಟ್ರಲ್ಲಿ ಬೆಂಗಳೂರಿಂದ ಬಂದಿದ್ದ ವಿಮರ್ಶಕರು ಮೈಕ್ ಹಿಡಿದ್ರು. ನಮ್ಮ ಸಾಹಿತ್ಯ ಅಳೆಯಕ್ಕೆ ಪರದೇಶದವರ ಮಾತು ಯಾಕೆ ಬೇಕು ಅನ್ನೋದು ಅವ್ರ ವಿಷಯ. ಬೇಕಿಲ್ಲ ಅಂತ ಫ್ರಾನ್ಸಿನವರೊಬ್ರು ಹೇಳಿದಾರಂತೆ. ಜರ್ಮನಿಯವ್ರೂ ಹೇಳಿದಾರಂತೆ. ಅಮೆರಿಕಾದಲ್ಲಂತೂ ಇಬ್ರು ಹೇಳಿದಾರಂತೆ. ಹೆಸರು ಹೆಸರು ಹೆಸರು! ಊಟದ ಬೆಲ್ಲೂ ಆಗೋಯ್ತು, ಅವ್ರಿನ್ನೂ ಇಟಲಿಯಲ್ಲೇ ಅವ್ರೆ. ಪ್ರಿನ್ಸಿಪಾಲ್ರು ನನ್ನ ಕಡೆ ತಿರುಗಿ, “ಊಟ ಆದ್ಮೇಲೆ ಓದುವಂತೆ ಬಿಡಮ್ಮಾ” ಅಂದ್ರು. ನಂಗೆ ಅಳು ಒತ್ಕೊಂಡು ಬಂತು.

ಅಜ್ಜಿ ಗಮನ ಕೊಟ್ಟು ಕೇಳ್ತಿದ್ದೋಳು ನನ್ನ ಕಿವಿ ಹತ್ರ ಬಂದು ತೆಲುಗಲ್ಲಿ, “ಈಳ್ಳಂದರೂ ಈಯಪ್ಪಕಿ ಚುಟ್ಟಾಲಾ?” ಅಂದ್ಳು. ಇಷ್ಟು ಜನಾನೂ ಈಯಪ್ಪನ ನೆಂಟ್ರಾ ಅಂತ.

“ಅಲ್ಲಜ್ಜೀ.”

“ಮತ್ತೆ ಮದುವೆಗೆ ಕರೆಯೋನ ಥರ ಒಬ್ಬರ್ನೂ ಬಿಡ್ದೆ ಹೇಳ್ತಾವ್ನಲ್ಲೇ!”

ಅಂತೂ ಮೈಕ್ ಸಿಕ್ತು

ಊಟ ಆಯ್ತು. ಅಂತೂ ನನ್ನ ಹೆಸರು ಕರೆದ್ರು. ಕಾಲು ನೆಲದ ಮೇಲಿಲ್ಲ ರೀ, ಕಿಟಕಿಯಿಂದ ಬಿಸಿಲು ಜಮಖಾನದ ಮೇಲೆ ಹರಡಿದೆ, ಎಲ್ಲಾರ ಮುಖ ಹೊಂಬಣ್ಣ. “ಬ್ರಿಟಿಷರು ಹೋದರೂ...” ಅಂದೆ ಅಷ್ಟೇ. ಹೊರಗಡೆ ಕಾರ್ ಹಾರ್ನ್!

“ಸಾಹೇಬ್ರು ಬಂದ್ರು!” ಅಂತ ಯಾರೋ ಕೂಗಿದ್ರು. ಪ್ರಿನ್ಸಿಪಾಲ್ರು ಹಾರ ಎತ್ಕೊಂಡು ಓಡಿದ್ರು, ಹಿಂದೆ ಸ್ಟಾಫು, ಹಿಂದೆ ಹುಡುಗ್ರು. ಪರದೇಶದವರ ಗೊಡವೆ ಬೇಡ ಅಂದ ವಿಮರ್ಶಕರೂ ಚಪ್ಪಲಿ ಹುಡುಕ್ತಾ ಓಡಿದ್ರು. ನಿಮಿಷದಲ್ಲಿ ಹಾಲ್ ಖಾಲಿ. ನಾನು, ಮೈಕು, ಅಜ್ಜಿ.

“ಓದಮ್ಮಾ, ನಾನಿಲ್ವಾ?” ಅಂದ್ಳು ಅಜ್ಜಿ. ಓದಕ್ಕೆ ಶುರು ಮಾಡ್ದೆ.

ಸಾಹೇಬ್ರು ಹಾರಕ್ಕೂ ನಿಲ್ದೆ ಸರಸರ ಒಳಗೆ ಬಂದ್ರು. ಅಜ್ಜಿಗೆ ಅವ್ರು ಯಾರು ಅಂತ ಏನು ಗೊತ್ತು? ಬಾಪ್ಪಾ ಕೂತ್ಕೋ ಅಂತ ಪಕ್ಕದ ಜಾಗ ತಟ್ಟಿ, “ರಾ ನಾಯ್ನಾ, ಕೂಸೋ. ಸದ್ದು ಮಾಡ್ಬೇಡಪ್ಪ, ನಮ್ಮುಡ್ಗಿ ಓದ್ತಾವ್ಳೆ” ಅಂದ್ಬಿಟ್ಳು.

ಸಾಹೇಬ್ರು ಬೂಟು ಬಿಚ್ಚಿ, ಸ್ಕೂಲ್ ಹುಡುಗನ ಥರ ಕೂತ್ಕೊಂಡ್ರು.

ಬಾಗ್ಲಲ್ಲಿ ಹಾರ ಹಿಡ್ಕೊಂಡು ನಿಂತಿದ್ದ ಪ್ರಿನ್ಸಿಪಾಲ್ರು ಅದನ್ನ ನೋಡಿ ಪಟ್ಟಂತ ಕೂತ್ರು. ಅವ್ರು ಕೂತ್ರು ಅಂತ ಎಲ್ಲಾರೂ ಕೂತ್ರು. ನಾನು ಓದ್ತಾ ಹೋದೆ, ಬಗ್ಗಿದ ಬೆನ್ನಿನ ಕಥೆ, ಒಂದಕ್ಷರ ಬಿಡ್ದೆ. ಸಾಹೇಬ್ರು ತಲೆ ಆಡ್ಸಿದ್ರೆ ಇಡೀ ಹಾಲ್ ತಲೆ ಆಡ್ಸುತ್ತೆ. ನಕ್ರೆ ನಗುತ್ತೆ. ಒಂದ್ಸಲ ಅವ್ರು ಸುಮ್ನೆ ಮೇಲಕ್ಕೆ ನೋಡಿದ್ರು, ಇಡೀ ಕಾಲೇಜು ಸೂರು ನೋಡ್ತು!

ಓದಿ ಮುಗಿಸ್ದೆ. ಸಾಹೇಬ್ರು ಎದ್ದು, “ಎಷ್ಟು ಚೆನ್ನಾಗಿ ಹೇಳಿದ್ರಮ್ಮಾ! ನಾವು ಈ ಗುಣ ಬಿಡೋವರೆಗೂ ಸ್ವಾತಂತ್ರ್ಯ ಬಂದಂಗಲ್ಲ” ಅಂದ್ರು. ಆಮೇಲೆ ಪ್ರಿನ್ಸಿಪಾಲ್ರ ಕಡೆ ತಿರುಗಿ, “ನಿಮಗೆ ಇದ್ರಲ್ಲಿ ಯಾವ ಮಾತು ತುಂಬಾ ಇಷ್ಟ ಆಯ್ತು?” ಅಂತ ಕೇಳಿದ್ರು.

ಪ್ರಿನ್ಸಿಪಾಲ್ರು ಧಡಕ್ಕನೆ ಎದ್ದು, ಸೊಂಟ ಬಗ್ಗಿಸಿ, ಎರಡೂ ಕೈ ಜೋಡಿಸಿ ಹೇಳಿದ್ರು:

“ತಮಗೆ ಯಾವ್ದು ಇಷ್ಟ ಆಯ್ತೋ, ನಮಗೂ ಅದೇ ಸಾರ್.”